ಚಿನ್ನ ಹೋಯ್ತು, ಎಸ್ಪಿ ಉಳಿದ್ರು!

ಕೋಲಾರ ಜಿಲ್ಲೆಗೆ ಡಿಸಿ ಒಬ್ಬರೇ. ಎಸ್ಪಿ ಮಾತ್ರ ಇಬ್ಬರು! ಒಬ್ಬರು ಕೋಲಾರದಲ್ಲಿ, ಇನ್ನೊಬ್ಬರು ಕೆಜಿಎಫ್‌ನಲ್ಲಿ. ಇದ್ಯಾಕೆ ಸ್ವಾಮಿ ಅಂದ್ರೆ, ಎಲ್ಲ ಚಿನ್ನದ ಮಹಿಮೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಸಾವಿರಾರು ಕೂಲಿಕಾರರಿಂದ ಊರು ತುಂಬಿತು. ಕಂಪನಿಗೆ ಅದಿರು ಕದ್ದಾರೆಂಬ ಭಯ. ಲೆಕ್ಕವಿಲ್ಲದ ಚೂರು ಕೈಲಿ ಸಿಕ್ಕರೂ ಕೇಸು.

2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಈಗ ಊರಿನ ಜನ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗ್ತಾರೆ. ಪೊಲೀಸರಿಗೆ ಮಾತ್ರ ಗಣಿಯ ಕಾಟ ತಪ್ಪಲಿಲ್ಲ. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂನ ಪಾಳು ಗಣಿಗೆ ಕಳ್ಳತನಕ್ಕೆ ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಕಳ್ಳರೇ ಸರಿ, ಆದರೂ ಪ್ರಾಣ ಪ್ರಾಣವೇ ಅಲ್ವೇ? ಗಣಿಯ ಬಾಯಿ ಭದ್ರ ಮಾಡೋದು ಎಸ್ಪಿ ಸಾಹೇಬರ ಕೆಲಸ ಅಲ್ಲ. ಅದರ ಯಜಮಾನರದ್ದು, ಅಂದ್ರೆ ಕೇಂದ್ರ ಸರ್ಕಾರದ್ದು.