ಬೆಳಗ್ಗೆ ಮಟ್ಟಿ, ರಾತ್ರಿ ಪೇಟಿ

ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಯಾರಾದರೂ ‘ತಾಲೀಮಿಗೆ ಹೊತ್ತಾಯ್ತು’ ಅಂದರೆ, ಆಗ ಗಂಟೆ ಎಷ್ಟು ಎಂದು ನೋಡಿಕೊಂಡು ಅರ್ಥ ಮಾಡಿಕೊಳ್ಳಬೇಕು. ಕೋಳಿ ಕೂಗುವ ಹೊತ್ತಾದರೆ ಆಸಾಮಿ ಹೊರಟಿರುವುದು ಗರಡಿಗೆ. ರಾತ್ರಿ ಮುದ್ದೆ ಉಂಡು ಕೈತೊಳೆದ ಮೇಲಾದರೆ ನಾಟಕಕ್ಕೆ. ಅರಬ್ಬಿಯಿಂದ ಉರ್ದು ದಾಟಿ ನಮ್ಮೂರಿಗೆ ಬಂದ ಈ ಪದಕ್ಕೆ ಕಲಿಕೆ ಎಂದಷ್ಟೇ ಅರ್ಥ. ಆದರೆ ಕುಸ್ತಿಯವರೂ ನಾಟಕದವರೂ ಅದನ್ನು ಜಗಳವಿಲ್ಲದೆ ಹಂಚಿಕೊಂಡಿದ್ದಾರೆ.

ಹಂಚಿಕೊಂಡ ಮಾತು ಅದೊಂದೇ ಅಲ್ಲ. ಸಂಗೀತ ಕಲಿಯುವ ಮಗು ಮೊದಲು ಹಾಡುವುದು ಸರಳೆ ವರಸೆ, ಜಂಟಿ ವರಸೆ; ದೊಣ್ಣೆ ಹಿಡಿದವನು ಕಲಿಯುವುದೂ ವರಸೆಯನ್ನೇ. ಕುಸ್ತಿ ಕಲಿಸುವವನೂ ಉಸ್ತಾದ್, ಹಿಂದೂಸ್ತಾನಿ ಹಾಡು ಕಲಿಸುವವನೂ ಉಸ್ತಾದ್. ನಾಟಕಕ್ಕೆ ರಂಗಭೂಮಿ, ಯುದ್ಧಕ್ಕೆ ರಣರಂಗ, ಕಂಸನ ಊರಿನ ಕುಸ್ತಿಗೆ ಮಲ್ಲರಂಗ. ಬೇಲೂರಿನ ಗುಡಿಯೊಳಗೆ ಶಾಂತಲೆ ಕುಣಿದಳೆಂದು ಜನ ನಂಬುವ ಆ ನುಣುಪು ವೃತ್ತದ ಕಲ್ಲು ಇರುವುದು ನವರಂಗದಲ್ಲಿ. ಎರಡೂ ಕಡೆ ಓಡಾಡಿಕೊಂಡಿದ್ದ ಜನ ಇಲ್ಲಿ ಬಹಳ ಕಾಲ ಬಾಳಿದ್ದಾರೆ ಎನ್ನುವುದಕ್ಕೆ ನನಗೆ ಇಷ್ಟು ಸಾಕ್ಷಿ ಸಾಕು.

ಗರಡಿ ಎಂದರೇನು ಎಂದು ಈಗಿನ ಹುಡುಗರಿಗೆ ಹೇಳಬೇಕಾಗಿ ಬಂದಿದೆ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದಷ್ಟು ಗಿಡ್ಡ ಬಾಗಿಲು. ಒಳಗೆ ಅರೆಗತ್ತಲು, ಒಂದು ಗೂಡಿನಲ್ಲಿ ಆಂಜನೇಯ, ನಡುವೆ ಮಟ್ಟಿ. ಮಟ್ಟಿಯೆಂದರೆ ಬರೀ ಮಣ್ಣಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಅರಿಶಿನ, ಎಣ್ಣೆ ಕಲಸಿ ಹದ ಮಾಡಿದ್ದು. ದಿನವೂ ಗುದ್ದಲಿಯಿಂದ ಅಗೆದು ಸಡಿಲ ಮಾಡದಿದ್ದರೆ ಅದು ಕಲ್ಲಾಗುತ್ತದೆ. ಆ ಅಗೆತವೇ ಹೊಸಬನ ಮೊದಲ ಪಾಠ. ಆಮೇಲೆ ದಂಡ, ಬಸ್ಕಿ, ಗದೆ ತಿರುಗಿಸುವುದು. ಪಟ್ಟುಗಳ ಸರದಿ ಬರುವುದು ತಿಂಗಳುಗಳ ನಂತರ. ಅಷ್ಟರಲ್ಲಿ ಅರ್ಧ ಹುಡುಗರು ಜಾಗ ಖಾಲಿ ಮಾಡಿರುತ್ತಾರೆ.

ನಾಟಕದ ತಾಲೀಮಿಗೆ ಬಾಗಿಲೇ ಇಲ್ಲ. ಗುಡಿಯ ಅಂಗಳವೋ ಶಾಲೆಯ ಜಗಲಿಯೋ, ಒಂದು ಚಾಪೆ, ಅದರ ಮೇಲೆ ಹಾರ್ಮೋನಿಯಂ, ಅದರ ಹಿಂದೆ ಪೇಟಿ ಮಾಸ್ಟರು. ಕಟಾವು ಮುಗಿದು ಕೈ ಬಿಡುವಾದ ಮೇಲೆ ಎರಡು ಮೂರು ತಿಂಗಳು ಇದು ನಡೆಯುತ್ತದೆ. ಆಡುವುದು ಬಹುಪಾಲು ‘ಕುರುಕ್ಷೇತ್ರ’. ಗುಬ್ಬಿ ಕಂಪನಿ 1934ರಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ಆಟದ ನೆರಳು ಇನ್ನೂ ನಮ್ಮ ಬಯಲುಸೀಮೆಯ ಮೇಲಿದೆ. ಆನೆ ಹೋಗಿದೆ, ಮಟ್ಟು ಉಳಿದಿದೆ. ವಂತಿಗೆ ಕೊಟ್ಟು ಪಾತ್ರ ತಗೊಳ್ಳಬೇಕು. ಕೃಷ್ಣನಿಗೆ ಹೆಚ್ಚು, ದುರ್ಯೋಧನನಿಗೂ ಹೆಚ್ಚುಕಮ್ಮಿ ಅಷ್ಟೇ, ವಿದುರನಿಗೆ ಕಡಿಮೆ. ದುಡ್ಡು ಕೊಟ್ಟು ನಟಿಸುವ ಜನ ಲೋಕದಲ್ಲಿ ಇನ್ನೆಲ್ಲಾದರೂ ಇದ್ದಾರೋ ಏನೋ. ನಾನೂ ಒಮ್ಮೆ ಕೊಟ್ಟಿದ್ದೇನೆ. ಧರ್ಮರಾಯನ ಪಾತ್ರ ಬಂತು. ಯುದ್ಧ ಕಡಿಮೆ, ಕಂದಪದ್ಯ ಜಾಸ್ತಿ. ನನ್ನಂಥ ಸಣಕಲನಿಗೆ ಹೇಳಿ ಮಾಡಿಸಿದ್ದು.

ಆ ತಾಲೀಮಿನಲ್ಲಿ ಕಂಡ ಒಂದು ಸಂಗತಿ ಹೇಳಿಬಿಡುತ್ತೇನೆ. ನಮ್ಮ ಭೀಮ ಹಗಲು ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವವನು, ಬೆಳಗ್ಗೆ ಗರಡಿಯವನು. ದುರ್ಯೋಧನ ಒಳ್ಳೆಯ ಕಂಠದ ಮನುಷ್ಯ, ಅಂಗಡಿ ಗಲ್ಲಾದಲ್ಲಿ ಕೂತು ಬೆಳೆದ ಮೈ. ಗದಾಯುದ್ಧಕ್ಕೆ ಬಂದಾಗ ಅವನು ತಗಡಿನ ಗದೆಯನ್ನು ನೊಣ ಓಡಿಸುವವನ ಹಾಗೆ ಆಡಿಸುತ್ತಿದ್ದ. ಜಗಲಿಯ ಮೂಲೆಯಲ್ಲಿ ಬೀಡಿ ಸೇದುತ್ತಾ ಕೂತಿದ್ದ ಗರಡಿ ಉಸ್ತಾದರು ತಡೆಯಲಾರದೆ, ‘ಏನಪ್ಪಾ ಕೌರವೇಶ್ವರ, ಗದೆ ಹಿಡ್ಕಂಡಿದೀಯೋ, ತೆಂಗಿನ ಗರಿ ಹಿಡ್ಕಂಡಿದೀಯೋ?’ ಅಂದರು. ನಗು ಎದ್ದಿತು. ಮಾರನೆಯ ಬೆಳಗ್ಗೆ ಅವನನ್ನು ಗರಡಿಗೆ ಕರೆಸಿ ಕಲ್ಲಿನ ಗದೆ ಕೊಟ್ಟರು. ಹತ್ತು ಸುತ್ತು, ಅಷ್ಟೇ. ಹನ್ನೊಂದನೆಯದಕ್ಕೆ ತೋಳು ಏಳಲಿಲ್ಲ. ಅಂದು ರಾತ್ರಿ ತಗಡಿನ ಗದೆ ಎತ್ತಿಕೊಂಡಾಗ ನೋಡಬೇಕಿತ್ತು: ಮೊದಲು ಹಿಮ್ಮಡಿ ನೆಲಕ್ಕೆ ಊರಿತು, ಮೊಣಕಾಲು ತಾನಾಗಿ ಬಗ್ಗಿತು, ಉಸಿರು ಒಳಕ್ಕೆ ಹೋದ ಮೇಲೆಯೇ ಗದೆ ಮೇಲಕ್ಕೆ ಬಂತು. ಹೆಗಲಿಗೆ ಇಳಿಸುವಾಗ ಕತ್ತು ಒಂದಿಷ್ಟು ಪಕ್ಕಕ್ಕೆ ಸರಿಯಿತು. ಯಾವ ಡ್ರಾಮಾ ಮಾಸ್ಟರೂ ಬಾಯಲ್ಲಿ ಹೇಳಿ ಕಲಿಸಲಾಗದ ಸರಿತ ಅದು.

ಗರಡಿಯ ಗದೆ ಭಾರ. ಅದನ್ನು ಹಗುರವೆಂಬಂತೆ ತಿರುಗಿಸುವವನು ಪೈಲ್ವಾನ. ನಾಟಕದ ಗದೆ ಹಗುರ. ಅದನ್ನು ಭಾರವೆಂಬಂತೆ ಎತ್ತುವವನು ನಟ. ಎರಡನ್ನೂ ಬಲ್ಲವನಿಗೆ ಮೈಯೊಳಗೆ ಒಂದು ತಕ್ಕಡಿ ಕೂತಿರುತ್ತದೆ.

ಈ ತಕ್ಕಡಿ ನಮ್ಮ ಸೀಮೆಗೆ ಹೊಸದಲ್ಲ. ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಬಂದು, ಅಲ್ಲಿಂದ ಇನ್ನು ಹದಿನಾರು ಕಿಲೋಮೀಟರ್ ಹೋದರೆ ಬೇಲೂರು. ಅರಸೀಕೆರೆಯ ಈಶ್ವರ ಗುಡಿಯ ಹದಿನಾರು ಮೂಲೆಯ ನಕ್ಷತ್ರಮಂಟಪ 1220ರದ್ದು. ಹಳೇಬೀಡಿಗೆ ಓಡುವ ಪ್ರವಾಸಿಗರು ಅದನ್ನು ಬಿಟ್ಟು ಹೋಗುತ್ತಾರೆ, ಅವರ ಕರ್ಮ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಬೇಲೂರು, ಹಳೇಬೀಡಿನಲ್ಲಿ ಬಸ್ಸುಗಳ ಸಾಲು. ಹೊಯ್ಸಳರ ಲಾಂಛನವೇ ಒಂದು ರಂಗದೃಶ್ಯ: ಎಗರಿ ಬಂದ ಮೃಗ, ಒಂಟಿ ಸಳ, ‘ಹೊಯ್’ ಎಂಬ ಒಂದೇ ಸಂಭಾಷಣೆ. ಹಳೇಬೀಡಿನ ಹೊಯ್ಸಳೇಶ್ವರನ ಹೊರಗೋಡೆಯಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸಾಲುಗಳನ್ನು ದಾಟಿ ಕಣ್ಣೆತ್ತಿದರೆ ನಮ್ಮ ಊರಿನ ನಾಟಕವೇ ಕಲ್ಲಾಗಿ ನಿಂತಿದೆ. ಚಕ್ರವ್ಯೂಹದ ಸುರುಳಿಯೊಳಗೆ ಅಭಿಮನ್ಯು, ಬಾಣದ ಮಂಚದ ಮೇಲೆ ಭೀಷ್ಮ, ಆನೆಗಳ ಮೇಲೆ ಮುಗಿಬಿದ್ದ ಭೀಮ. ಪಕ್ಕದಲ್ಲೇ ಮದ್ದಳೆ ಬಡಿಯುವವರು, ಕುಣಿಯುವವರು. ಕಡೆದವನಿಗೆ ಎರಡೂ ಒಂದೇ ಕಸುಬಿನ ಮೈಗಳು.

ಕಡೆದವರೂ ಪೈಲ್ವಾನರಂಥವರೇ. ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಯಲ್ಲಿ, ಶಿಲ್ಪಿಗಳು ಮದನಿಕೆಯರ ಕಾಲಡಿ ಹೆಸರು ಕೊರೆದುಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೆಸರಿನ ಜೊತೆಗೆ ಬಿರುದುಗಳು: ಚಾವಣ ಬಿರುದಾಂಕಿತ ಶಿಲ್ಪಿಗಳೆಂಬ ಮನ್ಮಥರ ಪಾಲಿಗೆ ಶಿವನಂತೆ, ಇನ್ನೊಬ್ಬ ಶಿಲ್ಪಿಗಳಲ್ಲಿ ಹುಲಿಯಂತೆ. ಉಳಿ ಹಿಡಿದವರು ತೊಡೆ ತಟ್ಟಿ ಅಖಾಡಕ್ಕೆ ಇಳಿದ ಹಾಗಿದೆ ಮಾತು. ಅವರು ಕೈಹಾಕಿದ್ದು ಬಳಪದ ಕಲ್ಲಿಗೆ. ಗಣಿಯಿಂದ ಬಂದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿಗಿಯುವ ಕಲ್ಲು. ಮದನಿಕೆಯ ಬಳೆ ತೋಳಿನಲ್ಲಿ ಜಾರುವಂತೆ ಕಾಣಿಸಿದ್ದಾರೆ. ಭಾರವನ್ನು ಹಗುರ ಮಾಡುವ ಪೈಲ್ವಾನಿಕೆ ಇದು.

ಹೊಯ್ಸಳೇಶ್ವರನ ಗುಡಿ ಏಳುತ್ತಿದ್ದ ಕಾಲಕ್ಕೇ, 1130ರ ಆಸುಪಾಸಿನಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅರಸನ ವಿನೋದಗಳನ್ನು ವಿವರಿಸುವ ಭಾಗದಲ್ಲಿ ಮಲ್ಲವಿನೋದವೂ ಇದೆ, ಗೀತ, ವಾದ್ಯ, ನೃತ್ಯಗಳೂ ಇವೆ. ಇನ್ನೂ ಹಿಂದಕ್ಕೆ ಹೋದರೆ ರನ್ನ ಇದ್ದಾನೆ. ಅವನ ‘ಗದಾಯುದ್ಧ’ ಕಾವ್ಯವಾಗಿಯೂ ಎಷ್ಟು ನಾಟಕವೆಂದರೆ, ಬಿ.ಎಂ. ಶ್ರೀಕಂಠಯ್ಯನವರು ಅದನ್ನು ಹೆಕ್ಕಿ ನಾಟಕವಾಗಿಯೇ ಜೋಡಿಸಿಕೊಟ್ಟರು. ನಮ್ಮ ಭೀಮ, ದುರ್ಯೋಧನರಿಗೆ ರನ್ನ ಗೊತ್ತಿಲ್ಲ. ಗೊತ್ತಿಲ್ಲದೆಯೂ ಅವನ ಓಣಿಯಲ್ಲೇ ಓಡಾಡುತ್ತಾರೆ.

ಗರಡಿ, ರಂಗ, ಬರವಣಿಗೆ ಮೂರನ್ನೂ ಒಂದೇ ಬಾಳಿನಲ್ಲಿ ತೂಗಿಸಿದವರು ಯಾರು ಎಂದು ಕೇಳಿದರೆ ನನಗೆ ಥಟ್ಟನೆ ನೆನಪಾಗುವ ಹೆಸರು ಕೆ.ವಿ. ಅಯ್ಯರ್. 1897ರಲ್ಲಿ ಹುಟ್ಟಿದ ಕೋಲಾರ ಸೀಮೆಯ ಮನುಷ್ಯ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಹೆಸರಿನ ಅಂಗಸಾಧನೆಯ ಶಾಲೆ ನಡೆಸಿದರು; ಮುಂದೆ ಜೆ.ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ಬಂತು. ಇಂಗ್ಲಿಷಿನಲ್ಲಿ ದೇಹದಾರ್ಢ್ಯದ ಪುಸ್ತಕಗಳನ್ನು ಬರೆದರು, ಅಂಚೆಯ ಮೂಲಕ ಪಾಠ ಹೇಳಿದರು. ಪಶ್ಚಿಮದ ಕಬ್ಬಿಣದ ಗುಂಡುಗಳ ಜೊತೆಗೆ ಸೂರ್ಯನಮಸ್ಕಾರವನ್ನೂ ಕೂಡಿಸಿದ್ದು ಅವರ ಪದ್ಧತಿ. ಹೀಗಿದ್ದ ಅಯ್ಯರ್ ಟಿ.ಪಿ. ಕೈಲಾಸಂ ಅವರ ಆಪ್ತರು. ಆ ಒಡನಾಟದ ನೆನಪುಗಳನ್ನು ಪುಸ್ತಕವಾಗಿಯೂ ಬರೆದರು. ‘ರವಿ ಕಲಾವಿದರು’ ಎಂಬ ಹವ್ಯಾಸಿ ನಾಟಕ ತಂಡ ಕಟ್ಟಿದರು. ಇಷ್ಟು ಸಾಲದೆಂಬಂತೆ ಕಾದಂಬರಿಗೂ ಕೈಹಾಕಿದರು. ಯಾರ ಮೇಲೆ? ನಮ್ಮ ಶಾಂತಲೆಯ ಮೇಲೆ!

‘ಶಾಂತಲಾ’ ಓದಿ ಬೇಲೂರಿಗೆ ಬಂದವರ ಪೀಳಿಗೆಯೊಂದು ಇತ್ತು. ಗೈಡುಗಳು ಏನೇ ಹೇಳಲಿ, ಅವರು ಹುಡುಕುತ್ತಿದ್ದುದು ಅಯ್ಯರರ ಶಾಂತಲೆಯನ್ನೇ. ಇತಿಹಾಸದ ವಿದ್ಯಾರ್ಥಿಗಳು ಆ ಪುಸ್ತಕದೊಡನೆ ಜಗಳ ತೆಗೆಯಬಹುದು, ತೆಗೆಯಲಿ. ನನಗೆ ಕುತೂಹಲ ಬೇರೆ: ಸ್ನಾಯುಗಳ ಲೆಕ್ಕ ಇಟ್ಟವನು ನರ್ತಕಿಯೊಬ್ಬಳ ಕಥೆಗೆ ಯಾಕೆ ಮನಸೋತ? ನನಗನಿಸುವುದು, ದಿನವೂ ಮೈಯನ್ನೇ ನೋಡುತ್ತಿದ್ದವನಿಗೆ ನಿಲುವು ಅಂದರೆ ಏನೆಂಬುದು ಗೊತ್ತಿತ್ತು. ಮದನಿಕೆಯ ಸೊಂಟದ ಬಾಗು ಕವಿಗೆ ಸೊಗಸಾದರೆ, ಅಯ್ಯರರಂಥವರಿಗೆ ಅದು ಯಾವ ಕಾಲಿನ ಮೇಲೆ ಭಾರ ಬಿದ್ದಿದೆ ಎಂಬ ಪ್ರಶ್ನೆಯೂ ಹೌದು.

ಬೇರೆ ಕಡೆಗಳಲ್ಲೂ ಈ ನಂಟು ಇದೆ. ಕಥಕ್ಕಳಿಯ ಮೈ ಪಳಗುವುದು ಕಳರಿಯ ಅಂಗಸಾಧನೆಯ ದಾರಿಯಲ್ಲಿ. ಚೀನಾದ ಪೀಕಿಂಗ್ ಒಪೆರಾದಲ್ಲಿ ಹಾಡು, ಮಾತು, ಅಭಿನಯದ ಜೊತೆಗೆ ಕಾಳಗವೂ ನಟನ ನಾಲ್ಕು ವಿದ್ಯೆಗಳಲ್ಲೊಂದು. ನಮ್ಮಲ್ಲಿ ವೀರಗಾಸೆ ನೋಡಿ. ಎದೆಗೆ ವೀರಭದ್ರನ ಫಲಕ, ಕೈಯಲ್ಲಿ ಕತ್ತಿ, ಸಂಬಾಳದ ಗತ್ತಿಗೆ ಹೆಜ್ಜೆ. ವಾದ್ಯ ನಿಂತ ಕೂಡಲೇ ಏದುಸಿರು ಬಿಡದೆ ದಕ್ಷಯಜ್ಞದ ಒಡಪು. ಕುಣಿದ ಉಸಿರಿನಲ್ಲೇ ಮಾತು ಹೊರಡಬೇಕು. ಮೂಡಲಪಾಯದ ವೇಷಧಾರಿಗೂ ಅದೇ ಕಷ್ಟ: ಕಿರೀಟ, ಭುಜಕೀರ್ತಿ, ಎದೆಹಾರ ಹೊತ್ತು ರಾತ್ರಿಯಿಡೀ ಕುಣಿದು ಹಾಡಬೇಕು. ಜೀ.ಶಂ. ಪರಮಶಿವಯ್ಯನವರು ಹಳ್ಳಿ ಹಳ್ಳಿ ಅಲೆದು ಬೆಳಕಿಗೆ ತರದಿದ್ದರೆ ಈ ಆಟದ ಹೆಸರೂ ಪೇಟೆಯವರಿಗೆ ತಿಳಿಯುತ್ತಿರಲಿಲ್ಲವೇನೋ.

ಇನ್ನು, ಎರಡು ತಾಲೀಮು ಒಬ್ಬನೇ ಮಾಡುವುದು ಹೇಗೆ? ಸುಲಭವಲ್ಲ. ಗರಡಿ ಕೇಳುವುದು ಹೊತ್ತಿಗೆ ಮಲಗಿ ಹೊತ್ತಿಗೆ ಏಳುವವನನ್ನು. ನಾಟಕ ಕೇಳುವುದು ಹನ್ನೆರಡು ಗಂಟೆಗೂ ಕಣ್ಣು ಬಿಟ್ಟುಕೊಂಡಿರುವವನನ್ನು. ಎರಡರ ನಡುವೆ ತೆಂಗಿನ ತೋಟವೋ ಅಂಗಡಿಯೋ ಇದ್ದೇ ಇದೆ. ಪೇಟಿ ಮಾಸ್ಟರಿಗೆ ಗರಡಿಯವರ ಮೇಲೆ ಒಂದು ದೂರು ಸದಾ ಇರುತ್ತದೆ: ಕತ್ತು ಬಿಗಿದುಕೊಂಡಿರುತ್ತದೆ, ಮೇಲಿನ ಸ್ಥಾಯಿಗೆ ಧ್ವನಿ ಏಳುವುದಿಲ್ಲ. ಉಸ್ತಾದರ ದೂರು: ನಿದ್ದೆಗೆಟ್ಟವನ ಹಿಡಿತ ಸಡಿಲ, ಮೂಳೆ ಮುರಿದುಕೊಂಡರೆ ಯಾರು ಜವಾಬ್ದಾರಿ? ನಮ್ಮ ಭೀಮ ಇದಕ್ಕೆ ತನ್ನದೇ ಉಪಾಯ ಕಂಡುಕೊಂಡಿದ್ದ. ತಾಲೀಮಿನ ತಿಂಗಳುಗಳಲ್ಲಿ ಗರಡಿಯಲ್ಲಿ ಜೋಡಿ ಹಿಡಿಯುತ್ತಿರಲಿಲ್ಲ. ಮಟ್ಟಿ ಅಗೆದು, ಬಸ್ಕಿ ಹೊಡೆದು ಮನೆಗೆ. ಮಂಡಿಯಲ್ಲಿ ಮೂಟೆಯಿಂದ ಮೂಟೆಗೆ ನಡೆಯುವಾಗ ಗುನುಗಿ ಗುನುಗಿ ಪದ್ಯ ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಹಮಾಲರಿಗೆಲ್ಲ ಭೀಮನ ಪಾಠ ಬರುತ್ತಿತ್ತು.

ಈಗಿನ ಹುಡುಗರಿಗೆ ಗರಡಿಗಿಂತ ಜಿಮ್ ಹತ್ತಿರ. ಹುಡುಗಿಯರ ಕಡೆ ಬೇರೆಯದೇ ಗಾಳಿ ಬೀಸಿದೆ. ಗರಡಿಯ ಗಿಡ್ಡ ಬಾಗಿಲು ಅವರಿಗೆ ಎಂದೂ ತೆರೆದಿರಲಿಲ್ಲ. ನಾಟಕದಲ್ಲೂ ದ್ರೌಪದಿಗೆ ಹೊರಗಿನಿಂದ ವೃತ್ತಿ ಕಲಾವಿದೆಯರೇ ಬರಬೇಕು. ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆಯ ಪಾಠ ಬಂದ ಮೇಲೆ ಕರಾಟೆಯ ಬಿಳಿ ಅಂಗಿ ಹಳ್ಳಿಯ ಬಸ್ ನಿಲ್ದಾಣಗಳಲ್ಲೂ ಕಾಣುತ್ತಿದೆ. ಬೇಲೂರಿನ ಮದನಿಕೆಯರಲ್ಲಿ ಎಲ್ಲರೂ ಕನ್ನಡಿ ನೋಡುತ್ತಲೇ ನಿಂತಿಲ್ಲ. ಬಿಲ್ಲು ಎತ್ತಿ ಗುರಿಯಿಟ್ಟ ಬೇಟೆಗಾತಿಯೊಬ್ಬಳೂ ಅಲ್ಲಿದ್ದಾಳೆ. ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟರುಗಳು ಅವಳನ್ನೂ ತೋರಿಸಲಿ.

ನಮ್ಮ ‘ಕುರುಕ್ಷೇತ್ರ’ ರಾತ್ರಿ ಹತ್ತಕ್ಕೆ ಶುರುವಾಯಿತು. ನಡುನಡುವೆ ಹಾರ, ನೋಟಿನ ಮಾಲೆ, ಭಾವಮೈದುನರ ಉಡುಗೊರೆ, ‘ಒನ್ಸ್ ಮೋರ್’. ಗದಾಯುದ್ಧಕ್ಕೆ ಬರುವಾಗ ಮೂಡಲು ಬಿಳಿಚಿತ್ತು, ಹಾಲಿನ ಕ್ಯಾನುಗಳ ಸದ್ದು ಕೇಳುತ್ತಿತ್ತು. ದುರ್ಯೋಧನ ಹಿಮ್ಮಡಿ ಊರಿ ಗದೆ ಎತ್ತಿದ. ನಿದ್ದೆಗಣ್ಣಿನಲ್ಲಿದ್ದ ಜನ ಎದ್ದು ಕೂತರು. ಭೀಮನಿಗೆ ಅದೇನು ಹುರುಪು ಬಂತೋ, ತೊಡೆಗೆ ತಾಗಿಸಬೇಕಾದಲ್ಲಿ ತಪ್ಪಿಸಿ ಹಲಗೆಗೆ ಬೀಸಿದ. ಅಟ್ಟ ನಡುಗಿತು, ಚಪ್ಪಾಳೆಯೋ ಚಪ್ಪಾಳೆ.

ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಡ್ರೆಸ್ಸಿನವನು ಪೆಟ್ಟಿಗೆಯ ಲೆಕ್ಕ ನೋಡಿಕೊಂಡು ಬಂದ. ಕಿರೀಟ ಸರಿ, ಕತ್ತಿ ಸರಿ. ಒಂದು ಗದೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. ‘ಅಣ್ಣಾ, ಇದು ತಗಡು ಕಣಣ್ಣ,’ ಅಂದ. ‘ಚಪ್ಪಟೆಯಾಗೋಗಿದೆ. ಇನ್ನೂರು ರೂಪಾಯಿ ಹಿಡ್ಕೊಳ್ತೀನಿ.’