ಮಂಗನ ಕಾಯಿಲೆ: ರಕ್ತಪರೀಕ್ಷೆಯಲ್ಲಿ ದಿನದ ಲೆಕ್ಕ ಮುಖ್ಯ

ಕೊಡಗಿನ ಬಾಳೆಲೆಯಂತಹ ಕಾಡಂಚಿನ ಊರುಗಳಲ್ಲಿ ಡಿಸೆಂಬರಿನಿಂದ ಕಾಫಿ ಕೊಯ್ಲಿನ ಭರಾಟೆ. ಸೌದೆ, ತರಗೆಲೆ, ದನದ ಮೇವಿಗಾಗಿ ಜನರು ಕಾಡಿಗೆ ಹೋಗುವುದೂ ಇದೇ ಕಾಲದಲ್ಲಿ. ಮಂಗನ ಕಾಯಿಲೆಯನ್ನು ಹರಡುವ ಮರಿ ಉಣ್ಣೆಗಳು ತರಗೆಲೆಯಲ್ಲಿ ಹೆಚ್ಚಾಗಿರುವುದೂ ಡಿಸೆಂಬರಿನಿಂದ ಮೇವರೆಗೆ. ನಾಗರಹೊಳೆಯ ಆಚೆ ಬಂಡೀಪುರದಲ್ಲಿ 2012ರಲ್ಲಿ, ಗಡಿಯಾಚೆಯ ವಯನಾಡಿನಲ್ಲಿ 2015ರಲ್ಲಿ ಈ ಕಾಯಿಲೆ ಜನರಲ್ಲಿ ಕಾಣಿಸಿಕೊಂಡಿತ್ತು. ಆದುದರಿಂದ ಈ ಭಾಗದ ರೈತರೂ ಇದರ ಬಗ್ಗೆ ತಿಳಿದಿರುವುದು ಒಳ್ಳೆಯದು.

ಪತ್ತೆಯಾದ ಬಗೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಹಳದಿ ಜ್ವರವಿರಬಹುದೆಂದು ಮೊದಲು ಶಂಕಿಸಲಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ವೈರಸನ್ನು ಬೇರ್ಪಡಿಸಿ ಪರೀಕ್ಷಿಸಿದಾಗ, ಅದು ರಷ್ಯಾದಲ್ಲಿ ಉಣ್ಣೆಗಳಿಂದ ಹರಡುವ ಜ್ವರಗಳ ಬಳಗಕ್ಕೆ ಸೇರಿದ ಹೊಸ ವೈರಸ್ ಎಂದು ತಿಳಿದುಬಂತು.

ಪ್ರತಿಕಾಯ ಎಂದರೇನು?

ವೈರಸ್ ದೇಹವನ್ನು ಹೊಕ್ಕಾಗ ಅದನ್ನೆದುರಿಸಲು ರಕ್ತದಲ್ಲಿ ತಯಾರಾಗುವ ವಸ್ತುವೇ ಪ್ರತಿಕಾಯ. ಮೊದಲು ಐಜಿಎಂ, ಅನಂತರ ಐಜಿಜಿ ಎಂಬ ಪ್ರತಿಕಾಯ ಕಾಣಿಸಿಕೊಳ್ಳುತ್ತದೆ. ಐಜಿಎಂ ಇದ್ದರೆ ಸೋಂಕು ಇತ್ತೀಚಿನದು; ಐಜಿಜಿ ಮಾತ್ರ ಇದ್ದರೆ ಸಾಮಾನ್ಯವಾಗಿ ಹಳೆಯದು.

ಆದರೆ ಬಿತ್ತಿದ ದಿನವೇ ಪೈರು ಕಾಣದು. ಹಾಗೆಯೇ ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ಇರುತ್ತದೆ, ಪ್ರತಿಕಾಯ ಇರುವುದಿಲ್ಲ. ಆಗ ವೈರಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಬೇಕು. ಸುಮಾರು ಐದನೆಯ ದಿನದ ನಂತರ ಐಜಿಎಂ ಎಲೈಸಾ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಎರಡನೆಯ ದಿನದ ಪ್ರತಿಕಾಯ ಪರೀಕ್ಷೆಯಲ್ಲಿ 'ಇಲ್ಲ' ಎಂದು ಬಂದ ಮಾತ್ರಕ್ಕೆ ಕಾಯಿಲೆಯಿಲ್ಲವೆಂದು ನಂಬಿ ಮನೆಯಲ್ಲುಳಿಯುವುದು ಪ್ರಾಣಕ್ಕೆ ಅಪಾಯ. ಇದಲ್ಲದೆ ಡೆಂಗೀ ವೈರಸ್ ದೂರದ ಸಂಬಂಧಿಯಾದ್ದರಿಂದ ಹಳೆಯ ವಿಧಾನದ ಪ್ರತಿಕಾಯ ಪರೀಕ್ಷೆಗಳಲ್ಲಿ ಗೊಂದಲವಾಗುತ್ತಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 2012ರಲ್ಲಿ ಪ್ರಕಟಿಸಿದ ಪಿಸಿಆರ್ ಮತ್ತು ಎಲೈಸಾ ವಿಧಾನಗಳಿಂದ ಪತ್ತೆ ಸುಲಭವಾಯಿತು.

ರೈತರು ಗಮನಿಸಬೇಕಾದುದು

1. ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ ಜ್ವರ, ತಲೆನೋವು, ತೀವ್ರ ಮೈಕೈನೋವು ಬರುತ್ತದೆ. ಕೆಲವರಲ್ಲಿ ರಕ್ತಸ್ರಾವವಾಗುತ್ತದೆ. ಜ್ವರ ಬಿಟ್ಟು ಮತ್ತೆ ಮರುಕಳಿಸುವುದೂ ಉಂಟು.

2. ಜ್ವರ ಆರಂಭವಾದ ದಿನವನ್ನು ಬರೆದಿಡಿ. ಆ ದಿನವನ್ನೂ ಕಾಡಿಗೆ ಹೋದದ್ದನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ. ಯಾವ ಪರೀಕ್ಷೆ ಮಾಡಬೇಕೆಂಬುದು ಇದರಿಂದಲೇ ನಿರ್ಧಾರವಾಗುತ್ತದೆ.

3. ಸತ್ತ ಮಂಗವನ್ನು ಮುಟ್ಟಬಾರದು. ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ಕೂಡಲೇ ಸುದ್ದಿ ಮುಟ್ಟಿಸಿ.

4. ಕಾಡಿಗೆ ಹೋಗುವಾಗ ಮೈಮುಚ್ಚುವ ಬಟ್ಟೆ ಧರಿಸಿ, ಉಣ್ಣೆ ನಿವಾರಕ ತೈಲ ಹಚ್ಚಿಕೊಳ್ಳಿ. ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ದನಗಳ ಮೈಮೇಲಿನ ಉಣ್ಣೆಗಳನ್ನೂ ಪಶುವೈದ್ಯರ ಸಲಹೆಯಂತೆ ನಿವಾರಿಸಿ.

ಈ ಕಾಯಿಲೆಗೆ ನಿರ್ದಿಷ್ಟ ಔಷಧಿಯಿಲ್ಲ. ಹಳೆಯ ಲಸಿಕೆಯ ಬಳಕೆಯೂ 2022ರಲ್ಲಿ ನಿಂತಿತು. ಆದರೆ ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆದವರಲ್ಲಿ ಹೆಚ್ಚಿನವರು ಗುಣಮುಖರಾಗುತ್ತಾರೆ. ರೋಗಿಯಿಂದ ಮನೆಯವರಿಗೆ ಇದು ಹರಡುವುದಿಲ್ಲವಾದ್ದರಿಂದ ಶುಶ್ರೂಷೆಗೆ ಅಂಜಬೇಕಾಗಿಲ್ಲ.