ಕಾಫಿಯೂ ಮೂತ್ರಪಿಂಡವೂ

ಬಾಬಾ ಬುಡನ್‌ರು ಯೆಮೆನ್ ದೇಶದಿಂದ ತಂದರೆಂದು ಪ್ರತೀತಿಯಿರುವ ಕಾಫಿ ಇಂದು ಕನ್ನಡ ನಾಡಿನ ಮನೆಮನೆಯ ಪೇಯವಾಗಿದೆ. ಅದರೊಡನೆ ಒಂದು ಅಳುಕೂ ಬೆಳೆದುಬಂದಿದೆ: ಕಾಫಿ ಕುಡಿದರೆ ಮೂತ್ರಪಿಂಡ ಕೆಡುವುದೇ?

ಬೆನ್ನುಮೂಳೆಯ ಇಕ್ಕೆಲಗಳಲ್ಲಿ, ಅವರೆಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಬೇಕಾದುದನ್ನು ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ.

ಕಾಫಿಯಲ್ಲಿರುವ ಕೆಫೀನ್ ಉಪ್ಪು ಮತ್ತು ನೀರಿನ ಮರುಹೀರಿಕೆಯನ್ನು ತುಸು ತಗ್ಗಿಸುವುದರಿಂದ ಮೂತ್ರ ಹೆಚ್ಚುತ್ತದೆ. ನಿತ್ಯ ಕುಡಿಯುವವರಲ್ಲಿ ಈ ಪರಿಣಾಮವೂ ಕುಂದುತ್ತದೆ. ಮಿತವಾದ ಕಾಫಿಯಿಂದ ಆರೋಗ್ಯವಂತರ ಮೂತ್ರಪಿಂಡ ಕೆಡುವುದೆಂದು ಅಧ್ಯಯನಗಳು ತೋರಿಸಿಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗಿನ ಕೆಫೀನ್ ಸುರಕ್ಷಿತವೆಂದು ಐರೋಪ್ಯ ಆಹಾರ ಸುರಕ್ಷಾ ಸಂಸ್ಥೆ 2015ರಲ್ಲಿ ಅಭಿಪ್ರಾಯಪಟ್ಟಿತು. ಮಕ್ಕಳಿಗೆ ಈ ಮಿತಿ ಇನ್ನೂ ಕಡಿಮೆ.

ಆದರೆ ರೋಗಪೀಡಿತ ಮೂತ್ರಪಿಂಡದ ಮಾತೇ ಬೇರೆ. ಕಾಫಿಯಲ್ಲಿ ಪೊಟ್ಯಾಸಿಯಂ ಇದೆ. ಬೆರೆಸುವ ಹಾಲಿನಲ್ಲಿ ಅದರೊಡನೆ ರಂಜಕವೂ ಇದೆ. ರೋಗ ಬಲಿತವರಲ್ಲಿ ಇವು ಸರಿಯಾಗಿ ಹೊರಹೋಗದೆ ರಕ್ತದಲ್ಲಿಯೇ ಉಳಿಯುತ್ತವೆ. ಅಂಥವರು ವೈದ್ಯರು ವಿಧಿಸಿದ ಅಳತೆಯನ್ನು ಮೀರಬಾರದು.

ಮೂತ್ರಪಿಂಡದ ಪ್ರಬಲ ವೈರಿಗಳೆಂದರೆ ಮಧುಮೇಹ ಮತ್ತು ಅಧಿಕ ರಕ್ತದೊತ್ತಡ. ಇವು ನೋವಿನ ಸುಳಿವನ್ನೂ ಕೊಡದೆ ವರ್ಷಾನುಗಟ್ಟಲೆ ಆ ಸೂಕ್ಷ್ಮ ಶೋಧಕಗಳನ್ನು ಸವೆಸುತ್ತವೆ. ಹಾಳಾದ ಶೋಧಕ ಮತ್ತೆ ಹುಟ್ಟುವುದಿಲ್ಲ. ಆದುದರಿಂದ ಕಾಫಿಯ ಲೋಟವನ್ನು ದೂರುವವರು ಮೊದಲು ಅದರೊಳಗಿನ ಸಕ್ಕರೆಯನ್ನು ತಗ್ಗಿಸಲಿ. ಮನೆಯ ಹಿರಿಯರು ಕಾಲಕಾಲಕ್ಕೆ ರಕ್ತ ಮತ್ತು ಮೂತ್ರದ ಪರೀಕ್ಷೆಯನ್ನು ಮಾಡಿಸಿಕೊಳ್ಳಲಿ.